ಬೀಜದ ಚೀಲ

ರೇವವ್ವನ ಬಲಗೈಯ ಬೆರಳುಗಳನ್ನು ಸೊಸೆ ಶಾರದವ್ವ ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದಳು. ಹೆಬ್ಬೆರಳು ಜಡ್ಡುಗಟ್ಟಿತ್ತು. ನಲವತ್ತು ವರ್ಷ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಜೋಳ ಬಿಟ್ಟ ಬೆರಳು ಅದು.

ಹೊರಗೆ ಕಟ್ಟೆಯ ಮೇಲೆ ರೇವವ್ವನ ಮೈದುನ ಹೊಳೆಪ್ಪ, ಅವಳ ಮಗ ಮಡಿವಾಳೆಪ್ಪನಿಗೆ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು.

“ಮಳಿ ನಿಂತು ಮೂರ ದಿನಾತು. ಇವತ್ತ ಸಂಜಿಕ ನೆಲದ ಹದಾ ಹಾರ್ತೈತಿ. ಮಣ್ಣ ಕೊಟ್ಟ ಬಂದು ಕೂರಿಗಿ ಹೂಡು. ನಿಮ್ಮವ್ವ ಇದ್ದಿದ್ರ ಇದನ್ನ ಹೇಳ್ತಿದ್ಲು.”

“ಹೂಡೂದು ಖರೆ ಕಾಕಾ. ಬೀಜಾ ಯಾರ ಬಿಡ್ತಾರ?”

ರೊಟ್ಟಿ ಗಂಟು ತಂದಿದ್ದ ನೆರೆಮನೆಯ ಹಸನಬಿ ಅಂದಳು: “ನನ್ನ ಕಡೆ ನೋಡಬ್ಯಾಡ್ರಿ, ನಮ್ಮ ಹೊಲಾನೂ ಹದಕ್ಕ ಬಂದೈತಿ. ಮನ್ಯಾಗ ಸೊಸಿ ಇಲ್ಲೇನು?”

“ಅದಾಳ. ಆಕಿ ಬಿತ್ತಿದ್ದು ಊರೆಲ್ಲಾ ನೋಡೇತಿ,” ಎಂದ ಹೊಳೆಪ್ಪ.

ಶಾರದವ್ವನ ಕೈ ನಿಂತಿತು.

*

ಹನ್ನೊಂದು ವರ್ಷದ ಹಿಂದೆ, ಇಸವಿ ಅರವತ್ತಮೂರರ ಹಿಂಗಾರಿ ಬಿತ್ತನೆ. ಹೊಸ ಸೊಸೆಯ ಹೆಗಲಿಗೆ ಅತ್ತೆ ತಾನೇ ಬೀಜದ ಚೀಲ ಹಾಕಿದ್ದಳು. ರೇವವ್ವ ಎತ್ತರದ ಆಳು. ಶಾರದವ್ವ ಅವಳ ಹೆಗಲಿಗೂ ಬರುತ್ತಿರಲಿಲ್ಲ. ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. ಬೀಜಕ್ಕೆ ಬಗ್ಗಿದಾಗಲೆಲ್ಲ ಕೂರಿಗೆ ಮುಂದೆ ಹೋಗಿಬಿಡುತ್ತಿತ್ತು, ಓಡಿ ಹೋಗಿ ಒಂದು ಮುಷ್ಟಿ ಸುರಿಯುತ್ತಿದ್ದಳು. ಚೀಲದ ಪಟ್ಟಿ ಉದ್ದವಾಯಿತು ಅನ್ನಲು ನಾಚಿಕೆ. ಎಂಟನೆಯ ದಿನ ನೋಡಿದರೆ ಸಾಲಿನಲ್ಲಿ ಒಂದು ಕಡೆ ಪೈರು ಒತ್ತೊತ್ತಾಗಿ ಎದ್ದಿತ್ತು, ಇನ್ನೊಂದು ಕಡೆ ಬರೀ ನೆಲ.

ರೇವವ್ವ ಬೈಯಲಿಲ್ಲ. ಮತ್ತೆ ಚೀಲ ಕೊಡಲೂ ಇಲ್ಲ.

ಮುಂದೆ ಶಾರದವ್ವ ಹಿತ್ತಲಿನಲ್ಲಿ ಒಬ್ಬಳೇ ಇದ್ದಾಗ ಒಲೆಯ ಬೂದಿಯನ್ನು ಬೀಜ ಬಿಡುವ ಹಾಗೆ ಬೆರಳಸಂದಿಯಿಂದ ಗೆರೆಯಾಗಿ ಬಿಡುತ್ತ ನಡೆಯುತ್ತಿದ್ದಳು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು.

*

ಮಣ್ಣು ಕೊಟ್ಟು ಬರುವಾಗ ಹಸನಬಿ ಕಣ್ಣೊರೆಸಿಕೊಂಡಳು.

“ಮೊನ್ನಿ ನಿಮ್ಮತ್ತಿ ನನ್ನ ಕಡೆ ಗೋಣಿ ಹೊಲಿಯೂ ದಬ್ಬಣ ಇಸ್ಕೊಂಡು ಹೋಗಿದ್ಲವ್ವಾ. ನಾಳಿ ಕೊಡ್ತೀನಿ ಅಂದಾಕಿ, ಮುಳುಗಿಸಿ ಹ್ವಾದ್ಲು ನೋಡು.”

ಶಾರದವ್ವನಿಗೆ ಅಳುವಿನ ನಡುವೆಯೇ ನಗು ಬಂತು.

ಸ್ನಾನ ಮುಗಿಸಿ ಅವಳು ಅಂಗಳಕ್ಕೆ ಬಂದು ಗಂಡನಿಗೆ ಹೇಳಿದಳು: “ಬೀಜಾ ನಾ ಬಿಡ್ತೀನ್ರಿ.”

ಹೊಳೆಪ್ಪ ತಲೆ ಎತ್ತಿದ. “ಇನ್ನೊಂದ ಸಲಾ ಬಿತ್ತಾಕ ಹದಾ ಇರೂದಿಲ್ಲವ್ವಾ. ಸಾಲ ತಪ್ಪಿದ್ರ ವರ್ಷೆಲ್ಲಾ ಏನ್ ತಿಂತೀರಿ?”

“ಗೊತ್ತೈತ್ರಿ ಮಾವಾರ.”

ಬೀಜ ಬಿಡಲು ಬೇರೆ ಯಾರೂ ಇರಲಿಲ್ಲ.

ಗೂಟಕ್ಕೆ ತೂಗುಹಾಕಿದ್ದ ಅತ್ತೆಯ ಬೀಜದ ಚೀಲವನ್ನು ತೆಗೆದು, ಜೋಳದ ಗಂಟಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆದಳು. ಮಡಿವಾಳೆಪ್ಪ ಎತ್ತು ಹೂಡಿ ನಿಂತಿದ್ದ. ಅವಳು ಚೀಲ ತುಂಬಿ ಹೆಗಲಿಗೆ ಹಾಕಿ, ಮೊಣಕಾಲಿನತ್ತ ಬಗ್ಗಿದಳು. ಚೀಲ ಅಲ್ಲಿರಲಿಲ್ಲ. ನಡುವಿಗೆ ಸರಿಯಾಗಿ, ಕೈಯ ಕೆಳಗೇ ಬಾಯಿ ತೆರೆದುಕೊಂಡು ಕೂತಿತ್ತು.

ಪಟ್ಟಿಯ ಮೇಲೆ ಕೈಯಾಡಿಸಿದಳು. ಎರಡು ಗೇಣು ಮಡಚಿ, ಬಿಳಿ ದಾರದಲ್ಲಿ ಹೊಲಿದಿತ್ತು. ಕೊನೆಯ ಹೊಲಿಗೆ ಮುಗಿದಿರಲಿಲ್ಲ. ಹಸನಬಿಯ ದಬ್ಬಣ ದಾರದ ಸಮೇತ ಅಲ್ಲೇ ಚುಚ್ಚಿಕೊಂಡಿತ್ತು.

“ಹೂಂ?” ಎಂದ ಮಡಿವಾಳೆಪ್ಪ.

ಅವಳು ದಬ್ಬಣದ ಮೊನೆಯನ್ನು ಮಡಿಕೆಯೊಳಕ್ಕೆ ಸರಿಸಿ, ಒಂದು ಹಿಡಿ ಜೋಳ ತೆಗೆದು ಬಟ್ಟಲಿನ ಮೇಲೆ ಕೈ ಹಿಡಿದಳು.

“ಹೊಡೀರಿ.”