ಡಿಕ್ಕಿಗೆ ಹೋದ ಬ್ಯಾಟರಿ

ದೇವರ ಹಿಪ್ಪರಗಿಯ ಸುವರ್ಣಾ ಹೊಲಿಗೆ ಮಷಿನ್ ರಿಪೇರಿ ಮಾಡುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ದರ್ಜಿಗಳಲ್ಲಿ ಅವಳ ಫೋನ್ ನಂಬರ್ ಇಲ್ಲದವರು ಕಡಿಮೆ. ಕೂಸಾಗಿದ್ದಾಗ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟರಿನ ಮೇಲೆ ಊರೂರು ತಿರುಗುತ್ತಿದ್ದಳು. ಕಾಲ ಬಳಿ ಒಂದು ಮಷಿನ್ ಇಟ್ಟರೆ ಸ್ಕೂಟರ್ ತುಂಬಿಹೋಗುತ್ತಿತ್ತು. ಇನ್ನೊಂದನ್ನು ತರಬೇಕೆಂದರೆ ಮತ್ತೊಮ್ಮೆ ಅದೇ ಬಿಸಿಲಿನಲ್ಲಿ ಅದೇ ದಾರಿ.

ಅದಕ್ಕೇ ಅವಳು ಇಂಡಿಯ ನಿವೃತ್ತ ಮಾಸ್ತರರೊಬ್ಬರಿಂದ ಒಂದು ಹಳೆಯ ಸಣ್ಣ ಕಾರು ಕೊಂಡಳು. ಹಿಂದಿನ ಸೀಟು ಮಡಚಿದರೆ ನಾಲ್ಕು ಮಷಿನ್ ಹಿಡಿಸುವಷ್ಟು ಜಾಗ. ಆದರೆ ಓಡಿಸುವವರು ಯಾರು? ಗಂಡ ಮಾಳಿಂಗರಾಯನದು ಸ್ವಂತ ಟೆಂಪೊ. ಇಂಡಿಯ ನಿಂಬೆಹಣ್ಣು ಹೇರಿಕೊಂಡು ಹೋದನೆಂದರೆ ಅವನು ಯಾವಾಗ ಮನೆಗೆ ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಕಾರು ಬೇವಿನ ಗಿಡದ ಕೆಳಗೆ ನಿಂತು, ಎಲೆ ಹೊದ್ದುಕೊಂಡು, ಓಣಿಯ ಕೋಳಿಗಳಿಗೆ ನೆರಳಾಯಿತು. ಸುವರ್ಣಾ ಮತ್ತೆ ಸ್ಕೂಟರನ್ನೇ ಹತ್ತಿದಳು.

ಬಸವನ ಬಾಗೇವಾಡಿಯಲ್ಲಿ ಸೋಮನಿಂಗ ಎಂಬ ಮೆಕ್ಯಾನಿಕ್ ಕಾಲಿಲ್ಲದವರಿಗೆ ಕಾರು ಹೊಂದಿಸಿಕೊಡುತ್ತಾನೆಂದು ಅವಳಿಗೆ ಯಾರೋ ಹೇಳಿದರು. ಎಡಗಾಲು ಮಾಡಬೇಕಾದ ಕ್ಲಚ್ಚಿನ ಕೆಲಸವನ್ನು ಅವನು ಗೇರಿನ ಹಿಡಿಕೆಯ ಗುಂಡಿಗೆ ತರುತ್ತಿದ್ದ. ಬೆರಳಿನಿಂದ ಗುಂಡಿ ಒತ್ತಿದರೆ ಸಾಕು, ಬಾನೆಟ್ಟಿನೊಳಗೆ ಕೂಡಿಸಿದ ಒಂದು ಡಬ್ಬಿ ಕ್ಲಚ್ಚನ್ನು ಎಳೆಯುತ್ತಿತ್ತು. ಮಾಳಿಂಗರಾಯ ಒಂದು ದಿನ ಟೆಂಪೊ ನಿಲ್ಲಿಸಿ ಅವಳನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದ.

ಸೋಮನಿಂಗ ಬಾನೆಟ್ ಎತ್ತಿ, ಬಹಳ ಹೊತ್ತು ಇಣುಕಿ, ಒರೆಸುವ ಅರಿವೆಯನ್ನು ಹೆಗಲಿಗೆ ಹಾಕಿಕೊಂಡ. ಆ ಡಬ್ಬಿ ಕೂರಬೇಕಾದ ಕಡೆಯೇ ಬ್ಯಾಟರಿ ಕೂತಿದೆ, ಈ ಕಾರಿನಲ್ಲಿ ಬೆರಳು ತೂರಿಸುವಷ್ಟೂ ಬೇರೆ ಜಾಗವಿಲ್ಲ, ಇದನ್ನು ಮಾರಿ ಬೇರೆ ಕಾರು ನೋಡಿರಿ ಎಂದ. ಮಾಳಿಂಗರಾಯ ಆಗಲೇ ಬಾನೆಟ್ ಮುಚ್ಚಲು ಕೈ ಹಾಕಿದ್ದ. ಸುವರ್ಣಾ ಅವನ ಕೈ ತಡೆದು, ಬ್ಯಾಟರಿಯನ್ನೇ ಬೇರೆ ಕಡೆ ಇಟ್ಟರೆ ಹೇಗೆ ಎಂದು ಕೇಳಿದಳು.

ಹಾಗೆ ಮಾಡುತ್ತಾರೆ, ಆದರೆ ತಾನು ಎಂದೂ ಮಾಡಿಲ್ಲ ಎಂದು ಸೋಮನಿಂಗ ಒಪ್ಪಿಕೊಂಡ. ಹಿಂದೆ ಡಿಕ್ಕಿಗೆ ಒಯ್ದರೆ ಅಲ್ಲಿಂದ ಮುಂದಿನ ತನಕ ದಪ್ಪ ವಾಯರ್ ಎಳೆಯಬೇಕು, ಅದು ಎಲ್ಲಿಯೂ ತಿಕ್ಕಿ ಹರಿಯಬಾರದು, ಹರಿದರೆ ಕಾರಿಗೆ ಬೆಂಕಿ ಎಂದು ವಿವರಿಸಿದ.

“ಕಾಲಿನ ಕೆಲಸ ಕೈಗೆ ತರಾಕ ನೀವು ತಯಾರ ಅದೀರಿ,” ಎಂದಳು ಸುವರ್ಣಾ. “ಮುಂದಿನ ಬ್ಯಾಟರಿ ಹಿಂದಕ್ಕ ಒಯ್ಯಾಕ ಯಾಕ ಅಂಜ್ತೀರಿ?”

ಸೋಮನಿಂಗ ನಕ್ಕ. ಒಂದು ವಾರ ಬಿಟ್ಟು ಬನ್ನಿ, ತಿಳಿದವರನ್ನು ಕೇಳಿ ಇಡುತ್ತೇನೆ ಎಂದು ಕಳಿಸಿದ.

ಮನೆಯಲ್ಲಿ ಈ ಸುದ್ದಿ ಕೇಳಿ ಅತ್ತೆ ತಿಪ್ಪವ್ವ ಮುಖ ಬಿಗಿದುಕೊಂಡಳು. ಕಾರು ಬಂದಾಗಿನಿಂದ ಹಿಂದಿನ ಸೀಟಿನ ಎಡಬದಿ ತನ್ನದೆಂದು ಅವಳು ತೀರ್ಮಾನಿಸಿದ್ದಳು. ತಂಗಿಯ ಮನೆಯಲ್ಲಿ ಇನ್ವರ್ಟರ್ ಬ್ಯಾಟರಿಯ ನೀರು ಸಿಡಿದು ತನ್ನ ಇಳಕಲ್ ಸೀರೆಯ ಸೆರಗು ಜಾಳಿಗೆಯಂತಾಗಿದ್ದನ್ನು ಅವಳು ಇನ್ನೂ ಮರೆತಿರಲಿಲ್ಲ. ಅಂಥದ್ದನ್ನು ಬೆನ್ನ ಹಿಂದೆ ಇಟ್ಟುಕೊಂಡು ತಾನು ಕೂರುವುದಿಲ್ಲ ಎಂದಳು. ಸುವರ್ಣಾ ವಾದ ಮಾಡಲಿಲ್ಲ. ನೀರು ಹಾಕುವ ಬ್ಯಾಟರಿ ಬೇಡ, ಪೂರ್ತಿ ಮುಚ್ಚಿದ್ದೇ ತರೋಣ, ಅದರ ಗಾಳಿ ಹೊರಗೆ ಹೋಗಲು ನೆಲದಿಂದ ಕೊಳವೆ ಇಳಿಸೋಣ ಎಂದಳು. ಅತ್ತೆಯ ಮಾತಿನಲ್ಲಿ ಇನ್ನೊಂದು ವಿಷಯವೂ ಅವಳಿಗೆ ಹೊಳೆದಿತ್ತು. ಡಿಕ್ಕಿಯಲ್ಲಿ ಓಡಾಡುವುದು ತನ್ನ ಕಬ್ಬಿಣದ ಮಷಿನ್‌ಗಳು. ಒಂದು ಜಾರಿ ಬ್ಯಾಟರಿಯ ಎರಡೂ ತುದಿಗೆ ತಾಗಿತೆಂದರೆ ಅತ್ತೆಯ ಸೀರೆಯಷ್ಟೇ ಹೋಗುವುದಿಲ್ಲ.

ಅಟ್ಟದ ಮೇಲೆ ಹಳೆಯ ಕೈಮಷಿನ್ನಿನ ಸಾಗವಾನಿ ಮುಚ್ಚಳವೊಂದಿತ್ತು, ಬೆನ್ನು ಬಾಗಿದ್ದು. ಮಷಿನ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಅವಳು ಅದನ್ನು ಇಳಿಸಿ, ಒರೆಸಿ, ಒಳಗೆಲ್ಲ ರಬ್ಬರ್ ಹಾಳೆ ಅಂಟಿಸಿದಳು. ವಾರ ಕಳೆದು ಗ್ಯಾರೇಜಿಗೆ ಒಯ್ದಾಗ, ತಿಳಿದವರನ್ನು ಕೇಳಿ ತಯಾರಾಗಿದ್ದ ಸೋಮನಿಂಗ ಅದನ್ನು ನೋಡಿ ಮೊದಲು ಹುಬ್ಬು ಏರಿಸಿದ. ಆಮೇಲೆ ಡಿಕ್ಕಿಯಲ್ಲಿಟ್ಟ ಬ್ಯಾಟರಿಯ ಮೇಲೆ ಕವುಚಿ, ಎರಡು ಕಬ್ಬಿಣದ ಪಟ್ಟಿಯಿಂದ ನೆಲಕ್ಕೆ ಬಿಗಿದು, ಮೇಲೆ ತಾನೇ ಕೂತು ನೋಡಿದ. ಅಲುಗಲಿಲ್ಲ.

ವಾಯರ್ ಎಳೆಯುವ ದಿನ ಸೋಮನಿಂಗ, ಸುವರ್ಣಾ, ಮಾಳಿಂಗರಾಯ ಮೂವರೂ ಬೆಳಿಗ್ಗೆಯಿಂದ ಗ್ಯಾರೇಜಿನಲ್ಲೇ ಇದ್ದರು. ಬ್ಯಾಟರಿಯ ಪಕ್ಕದಲ್ಲೇ ದೊಡ್ಡ ಫ್ಯೂಸ್, ಅಲ್ಲಿಂದ ಹೆಬ್ಬೆರಳಿನಷ್ಟು ದಪ್ಪನೆಯ ಕೆಂಪು ವಾಯರ್ ಸೀಟುಗಳ ಕೆಳಗೆ ಕೊಳವೆಯೊಳಗೆ ಹಾದು ಇಂಜಿನ್ ಸೇರಿತು. ಕಪ್ಪು ವಾಯರನ್ನು ಡಿಕ್ಕಿಯಲ್ಲೇ ಕಾರಿನ ಮೈಗೆ ಬೋಲ್ಟ್ ಮಾಡಿದರು. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಮಾಳಿಂಗರಾಯ ಕೀಲಿ ತಿರುಗಿಸಿದ. ಇಂಜಿನ್ ಮುಲುಗಿ ಸುಮ್ಮನಾಯಿತು.

ಸೋಮನಿಂಗ ಬ್ಯಾಟರಿಯನ್ನು ಅನುಮಾನಿಸಿದ. ಬೇರೆಯದು ತಂದು ಹಾಕಿದರೂ ಅದೇ ಮುಲುಗು. ಇಷ್ಟು ದೂರ ಕರೆಂಟ್ ಬರುವುದಿಲ್ಲವೇನೋ, ನಾನು ಮೊದಲೇ ಹೇಳಿದ್ದೆ ಎನ್ನುವಂತೆ ಅವನು ಸುವರ್ಣಾಳ ಮುಖ ನೋಡಿದ. ಹಟ ಹಿಡಿದು ಒಳ್ಳೆಯ ಕಾರೊಂದನ್ನು ಕೆಡಿಸಿದೆನೇ ಎಂದು ಅವಳಿಗೆ ಮೊದಲ ಸಲ ಅನಿಸಿತು.

ಮೋಟರ್ ಕೂಡಿಸಿದ ಮಷಿನ್ ಮೊಂಡು ಹಿಡಿದಾಗ ಅವಳು ಮೊದಲು ಮಾಡುತ್ತಿದ್ದುದು ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡುವುದು; ಕರೆಂಟಿಗೆ ತಡೆಯಾದ ಕಡೆ ಬಿಸಿ ಇರುತ್ತಿತ್ತು. ಇಲ್ಲಿಯೂ ಅದನ್ನೇ ಮಾಡೋಣ ಎಂದಳು. ಸೋಮನಿಂಗ ಮುಂದಿನವನ್ನು ಮುಟ್ಟುತ್ತಾ ಬಂದ, ಅವಳು ಡಿಕ್ಕಿಯ ಅಂಚಿಗೆ ಕೂತು ಹಿಂದಿನವನ್ನು ಮುಟ್ಟಿದಳು. ಮಾಳಿಂಗರಾಯ ಮತ್ತೆ ಮತ್ತೆ ಕೀಲಿ ತಿರುಗಿಸಿದ. ಕಪ್ಪು ವಾಯರಿನ ಬೋಲ್ಟ್ ಮುಟ್ಟಿದವಳು ಕೈ ಹಿಂದೆಗೆದುಕೊಂಡಳು. ಅದು ಹಂಚಿನಂತೆ ಸುಡುತ್ತಿತ್ತು.

ಬೋಲ್ಟ್ ಬಿಚ್ಚಿದರೆ ಕೆಳಗೆ ಕರೆಂಟಿಗೆ ಅಡ್ಡಲಾಗಿ ಹೊಸ ಬಣ್ಣ. ಸೋಮನಿಂಗ ತಲೆ ಕೆರೆದುಕೊಂಡ. ತೂತು ಕೊರೆದ ಕಡೆ ತುಕ್ಕು ಹಿಡಿಯಬಾರದೆಂದು ಹಿಂದಿನ ದಿನ ತಾನೇ ಎರಡು ಕೈ ಬಣ್ಣ ಬಳಿದಿದ್ದ. “ಹೆಣ್ಣಮಗಳ ಗಾಡಿ, ಚಂದ ಇರ್ಲಿ ಅಂತ ಮಾಡಿದ್ನ್ಯವ್ವಾ,” ಎಂದ. ಮೂವರೂ ನಕ್ಕರು. ಬಣ್ಣ ಕೆರೆದು, ತಗಡು ಹೊಳೆಯುವಂತೆ ತಿಕ್ಕಿ, ಮತ್ತೆ ಬಿಗಿದು, ಕೀಲಿ ತಿರುಗಿಸಿದಾಗ ಇಂಜಿನ್ ಒಂದೇ ಉಸಿರಿಗೆ ಎದ್ದಿತು.

ಮುಂದಿನದು ಕಲಿಯುವ ಕೆಲಸ. ತೊಗರಿ ಕಿತ್ತು ಖಾಲಿ ಬಿದ್ದಿದ್ದ ಹೊಲದಲ್ಲಿ ಅವಳು ಗುಂಡಿ ಒತ್ತುವುದು, ಬಿಡುವುದು ಕಲಿತಳು. ಮೊದಮೊದಲು ಕಾರು ಕಪ್ಪೆಯಂತೆ ಜಿಗಿಯಿತು. ಮಾಳಿಂಗರಾಯ ಪಕ್ಕದಲ್ಲಿ ಕೂತು ಕೈಬ್ರೇಕ್ ಹಿಡಿದುಕೊಂಡೇ ಇರುತ್ತಿದ್ದ. ಒಂದು ಸಂಜೆ ಅವಳು ಅವನ ಕೈಯನ್ನು ಅಲ್ಲಿಂದ ಎತ್ತಿ ಅವನ ತೊಡೆಯ ಮೇಲೆ ಇಟ್ಟಳು. ಆಮೇಲೆ ಅವನು ಹಿಡಿಯಲಿಲ್ಲ. ಬೇಸಿಗೆಯ ಬಿಸಿಲು ಏರುವ ಮೊದಲೇ ಕಾರಿನ ತಪಾಸಣೆ ಮುಗಿದು, ಅವಳ ಹೆಸರಿಗೆ ಲೈಸೆನ್ಸೂ ಬಂತು.

ಶಾಲೆಗಳು ತೆರೆಯುವ ಮುಂಚಿನ ವಾರ ತಾಳಿಕೋಟೆಯಿಂದ ಮಾಬುಬಿ ಫೋನ್ ಮಾಡಿದಳು. ಶಾಲೆಯ ಸಮವಸ್ತ್ರ ಹೊಲಿಯುವ ಗುತ್ತಿಗೆ ಅವಳದು, ಎರಡು ಮಷಿನ್ ಒಟ್ಟಿಗೇ ನಿಂತಿದ್ದವು. ಮಾಳಿಂಗರಾಯ ಟೆಂಪೊ ತೆಗೆದುಕೊಂಡು ಹೋಗಿದ್ದ. ಸುವರ್ಣಾ ಬದಲಿಗೆ ಕೊಡಲು ಎರಡು ಮಷಿನ್ ಏರಿಸಿ ಹೊರಟು ನಿಂತಾಗ ತಿಪ್ಪವ್ವ ಎಲೆಅಡಿಕೆ ಚೀಲ ಹಿಡಿದು ಬಂದು ಹಿಂದಿನ ಬಾಗಿಲು ತೆರೆದಳು. ಸೊಸೆ ಒಬ್ಬಳೇ ಅಷ್ಟು ದೂರ ಹೋಗುವುದು ಬೇಡವೆಂದಳು. ಬೆನ್ನ ಹಿಂದಿನ ಬ್ಯಾಟರಿಯ ಮಾತು ಎತ್ತಲಿಲ್ಲ. ಆದರೆ ಸೀಟಿಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿ ಕೂತಳು.

ಅರ್ಧ ದಾರಿಯಲ್ಲಿ ರಸ್ತೆಯ ತುಂಬ ಕುರಿ ಹಿಂಡು ಅಡ್ಡ ಬಂತು. ಸುವರ್ಣಾ ನಿಲ್ಲಿಸುವಾಗ ಗುಂಡಿ ಬೇಗ ಬಿಟ್ಟಳು, ಇಂಜಿನ್ ಆರಿತು. ಕುರಿಗಳು ದಾಟಿದ ಮೇಲೆ ಕೀಲಿ ತಿರುಗಿಸಿದರೆ ಮುಲುಗೂ ಇಲ್ಲ, ದೀಪವೂ ಇಲ್ಲ. ಹಿಂದಿನಿಂದ ಅತ್ತೆ ಏನಾದರೂ ಅನ್ನುತ್ತಾಳೆಂದು ಕಾದಳು. ತಿಪ್ಪವ್ವ ಬಾಗಿಲು ತೆರೆದು ಇಳಿದು, “ಹಿಂದಿಂದು ತಗದು ನೋಡೂಣು ಬಾ,” ಎಂದಳು.

ಡಿಕ್ಕಿ ತೆರೆದರೆ ಒಂದು ಮಷಿನ್ ಹಗ್ಗ ಸಡಿಲಾಗಿ ಜಾರಿ ಪೆಟ್ಟಿಗೆಗೆ ಬಡಿದಿತ್ತು. ಸಾಗವಾನಿಗೆ ಒಂದು ಗೀರು ಬಿದ್ದಿತ್ತು, ಅಷ್ಟೇ. ಒಳಗಿನ ಬ್ಯಾಟರಿಗೆ ಏನೂ ಆಗಿರಲಿಲ್ಲ, ಆದರೆ ಅದುರಿದ ರಭಸಕ್ಕೆ ಕೆಂಪು ವಾಯರಿನ ಹಿಡಿತ ಬಿಟ್ಟಿತ್ತು. ಬಾನೆಟ್ ಆಗಿದ್ದರೆ ಸುವರ್ಣಾ ಒಂದು ಕೈಯಲ್ಲಿ ಕೋಲು ಊರಿಕೊಂಡು ಬಗ್ಗಬೇಕಾಗಿತ್ತು. ಇಲ್ಲಿ ಡಿಕ್ಕಿಯ ಅಂಚಿಗೆ ಕೂತರೆ ಎಲ್ಲವೂ ಎದೆಯ ಮಟ್ಟಕ್ಕೇ ಇತ್ತು. ಪಟ್ಟಿ ಬಿಚ್ಚಿ ತೆಗೆದ ಮುಚ್ಚಳವನ್ನು ತಿಪ್ಪವ್ವ ಎರಡೂ ಕೈಯಲ್ಲಿ ಹಿಡಿದು ನಿಂತು, ಸೊಸೆ ನಟ್ಟು ಬಿಗಿಯುವುದನ್ನು ಕೊರಳು ಚಾಚಿ ನೋಡಿದಳು.

“ಇಷ್ಟ ಏನು ಇದು?” ಎಂದು ಕೇಳಿದಳು.

“ಇಷ್ಟ ನೋಡ್ರಿ ಅತ್ತಿ.”

ಮಷಿನ್‌ಗಳನ್ನು ಇಬ್ಬರೂ ಸೇರಿ ಮತ್ತೆ ಬಿಗಿಯಾಗಿ ಕಟ್ಟಿದರು. ಕಾರು ಹೊರಡುವ ಮೊದಲು ತಿಪ್ಪವ್ವ ಹಿಂದೆ ಹತ್ತದೆ ಮುಂದಿನ ಬಾಗಿಲಿಗೆ ಬಂದಳು. ಅಂಜಿಕೆಯೇ ಎಂದು ಸುವರ್ಣಾ ಮೆಲ್ಲಗೆ ಕೇಳಿದಳು.

“ಅಂಜಿಕಿ ಯಾಕ? ಹಿಂದ ಕುಂತ್ರ ದಾರಿ ಕಾಣಂಗಿಲ್ಲ. ನೀ ಹೊಡಿಯೂದು ನೋಡ್ಬೇಕು ನನಗ.”

ಮಾಬುಬಿಯ ಮನೆ ತಲುಪಿದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಡ್ರೈವರ್ ಎಲ್ಲಿ, ಚಹಾ ಕುಡಿಯಲಿ ಬರಹೇಳು ಎಂದಳು. ಸುವರ್ಣಾ ಕೀಲಿ ಎತ್ತಿ ತೋರಿಸಿದಳು. ಮಾಬುಬಿ ಕಾರಿನ ಸುತ್ತ ಒಂದು ಸುತ್ತು ಬಂದು, ಸುವರ್ಣಾಳ ಕೆನ್ನೆ ಸವರಿ ಲಟಿಕೆ ಮುರಿದಳು. ಒಂದು ಮಷಿನ್ ಅಲ್ಲೇ ಸರಿಹೋಯಿತು. ಇನ್ನೊಂದಕ್ಕೆ ಬದಲಿ ಕೊಟ್ಟು, ಕೆಟ್ಟದ್ದನ್ನು ಏರಿಸಿಕೊಂಡು, ಹೊತ್ತು ಇಳಿಯುವುದರೊಳಗೆ ಊರು ಸೇರಿದರು. ದಾರಿಯುದ್ದಕ್ಕೂ ತಿಪ್ಪವ್ವ ಎದುರು ಬರುವ ಲಾರಿಗಳನ್ನು ಒಂದೊಂದಾಗಿ ಹೇಳುತ್ತಾ ಬಂದಳು.

ಮುಂದಿನ ಅಮಾವಾಸ್ಯೆಗೆ ಅವರು ಲಚ್ಯಾಣದ ಮಠಕ್ಕೆ ಹೋದರು. ತಿಪ್ಪವ್ವ ಮುಂದೆ ಕೂತಳು, ಟೆಂಪೊ ನಿಲ್ಲಿಸಿ ಬಂದಿದ್ದ ಮಾಳಿಂಗರಾಯ ಮೊಣಕಾಲು ಮಡಚಿ ಹಿಂದೆ ಕೂತ. ಊರು ದಾಟುವ ತನಕ ಗೇರು ಬದಲಿಸು, ಹಾರ್ನ್ ಹೊಡಿ ಎಂದು ಹೇಳುತ್ತಿದ್ದ. ಆಮೇಲೆ ದನಿ ನಿಂತಿತು. ಸುವರ್ಣಾ ಕನ್ನಡಿಯಲ್ಲಿ ನೋಡಿದಳು. ಬೇರೆಯವರು ಓಡಿಸುವ ಗಾಡಿಯಲ್ಲಿ ಎಂದೂ ಕಣ್ಣು ಮುಚ್ಚದ ಗಂಡ ತಲೆ ಓರೆಯಾಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳು ರಸ್ತೆಯ ತಗ್ಗು ತಪ್ಪಿಸುತ್ತಾ ಮೆಲ್ಲಗೆ ಓಡಿಸಿದಳು.