ಹ್ಞೂಂಗುಟ್ಟುವವಳು

"ಅಜ್ಜಿ, ಈಗ ಹ್ಞೂಂ ಅನ್ರಿ. ಉದ್ದಕ್ಕೆ."

ಮುಖಕ್ಕೆ ಹೊದಿಸಿದ್ದ ಹಸಿರು ಬಟ್ಟೆಯೊಳಗೆ ಮಲ್ಲಕ್ಕ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ತಲೆ ತಗ್ಗಿಗೆ, ಕಾಲು ಎತ್ತರಕ್ಕೆ. ಮಂಚವನ್ನೇ ಹಾಗೆ ವಾಲಿಸಿದ್ದರು. ಕಿಡ್ನಿ ಕೆಟ್ಟಿದೆ, ಇವತ್ತೇ ಡಯಾಲಿಸಿಸ್ ಆಗಬೇಕು, ಅದಕ್ಕೆ ಕುತ್ತಿಗೆಯ ದೊಡ್ಡ ನರಕ್ಕೆ ಪೈಪು ಹಾಕಬೇಕು ಎಂದಿದ್ದರು ಡಾಕ್ಟರು ಅನುಪಮಾ. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಕುತ್ತಿಗೆ ಬೇರೆ ಯಾರದೋ ಅನ್ನಿಸುತ್ತಿತ್ತು. ಅವಳಿಗೆ ಅದೇನೂ ಹೊಸದಲ್ಲ. ಗಂಡ ಮೂರ್ತಪ್ಪ ತೀರಿಕೊಂಡಾಗಿನಿಂದ ಮೈಯೆಲ್ಲ ಹಾಗೇ ಇತ್ತು.

"ಮೊದ್ಲೇ ಹೇಳಿದ್ನಲ್ಲ ಅಜ್ಜಿ? ಸೂಜಿ ಬಾಯಿ ತೆರೆದಾಗ ನೀವು ಉಸಿರು ಎಳೆದ್ರೆ ಗಾಳಿ ನರಕ್ಕೆ ನುಗ್ಗುತ್ತೆ. ಎದೆಗೆ ಹೋದ್ರೆ ಜೀವಕ್ಕೇ ಅಪಾಯ. ಹ್ಞೂಂ ಅಂತಿದ್ರೆ ಉಸಿರು ಒಳಗೆ ಹೋಗಲ್ಲ," ಎಂದರು ಡಾಕ್ಟರು.

"ಯಾತಕ್ಕೆ ಹ್ಞೂಂ ಅನ್ಲವ್ವ? ಹೇಳೋರಿದ್ರಲ್ವಾ ಹ್ಞೂಂ ಅನ್ನಾದು."

ಚಿಕ್ಕಜಾಜೂರಿನ ರೈಲ್ವೆ ಹಳಿ ಕೆಲಸದ ಗ್ಯಾಂಗಿನಲ್ಲಿದ್ದ ಮೂರ್ತಪ್ಪ ಸಂಜೆ ಕೈಕಾಲು ತೊಳೆದು, ದೀಪದ ಮುಂದೆ ಕೂತು ಪದ್ಯ ಓದುತ್ತಿದ್ದ. ಸೊಲ್ಲು ಮುಗಿದಲ್ಲಿ ಮಲ್ಲಕ್ಕ ಹ್ಞೂಂ ಎನ್ನಬೇಕು. ಒಲೆಯ ಮುಂದಿದ್ದರೂ ಸರಿಯೇ, ಎನ್ನದಿದ್ದರೆ ಮುಂದಿನ ಸೊಲ್ಲಿಗೆ ಹೋಗುವವನಲ್ಲ. "ಗ್ವಾಡೆಗೆ ಓದ್ತಾ ಇದೀನೇನೇ?" ಎಂದು ಕೆಣಕುತ್ತಿದ್ದ. ಅವನ ಬಾಯಿ ನಿಂತಿತು, ಇವಳ ಹ್ಞೂಂ ಕೂಡ ನಿಂತಿತು. ಈಗ ಮಗ ಉಣ್ಣಲು ಕರೆದರೂ ತಲೆ ಆಡಿಸುವಳು, ಅಷ್ಟೆ.

"ಸೂಜಿ ಬಾಯಿಗೆ ಬೆರಳೊತ್ತಿ ಹಿಡ್ಕೊಂಡಿದೀನಿ ಅನುಸೂಯ. ಎಷ್ಟೊತ್ತು ಹಿಂಗೆ?" ಡಾಕ್ಟರ ದನಿ ಬಿಗಿಯಾಗಿತ್ತು.

ನರ್ಸ್ ಅನುಸೂಯ ಬಟ್ಟೆಯಂಚಿಗೆ ಬಗ್ಗಿದಳು. "ಅಜ್ಜಿ, ನಂಗೆ ಕತೆ ಗಿತೆ ಬರಲ್ಲ. ಬೆಳಿಗ್ಗೆ ಧರ್ಮಪುರದಾಗೆ ಬಸ್ ಹತ್ತಿದ್ನಾ..."

ಬಟ್ಟೆಯೊಳಗೆ ಮಲ್ಲಕ್ಕ ದನಿ ಬಂದತ್ತ ಕಣ್ಣು ಹೊರಳಿಸಿದಳು.

"ಸೀಟಿನ ಮ್ಯಾಲೆ ಯಾವನೋ ಟವಲ್ ಹಾಕ್ಬಿಟ್ಟಿದ್ನಾ..."

ಗಂಟಲಲ್ಲಿ ಏನೋ ಕದಲಿತು.

"ಟವಲ್ ತಗದು ಅವನ ಹೆಗಲಿಗೇ ಹಾಕಿ, ನಾನು ಕುಂತ್ಕಂಡ್ನಾ..."

"ಹ್ಞೂಂ..."

ತುಕ್ಕು ಹಿಡಿದ ಬಾಗಿಲು ತೆರೆದಂತಿತ್ತು ಆ ದನಿ.

"ಹಂಗೇ ಅಜ್ಜಿ, ಬಿಡ್ಬೇಡಿ!" ಎಂದರು ಡಾಕ್ಟರು. ಮರಗಟ್ಟಿದ ಕುತ್ತಿಗೆಯೊಳಗೆ ಏನೋ ಜಾರಿ ಹೋಯಿತು. ಟವಲಿನವನು ಜಗಳಕ್ಕೆ ಬಂದ, ಕಂಡಕ್ಟರ್ ನಕ್ಕ. ಒಂದೊಂದಕ್ಕೂ ಮಲ್ಲಕ್ಕ ಹ್ಞೂಂ ಎಂದಳು. ಬಸ್ಸು ಹಿರಿಯೂರು ದಾಟುವ ಹೊತ್ತಿಗೆ ಪೈಪು ಒಳಗಿತ್ತು, ಹೊಲಿಗೆಯೂ ಬಿದ್ದಿತ್ತು.

ಬಟ್ಟೆ ಸರಿಸಿದಾಗ ಅವಳು ಕೇಳಿದಳು, "ಆಮ್ಯಾಕೆ?"

"ಆಮ್ಯಾಕೇನೈತೆ ಅಜ್ಜಿ, ಡ್ಯೂಟಿಗೆ ಬಂದೆ," ಅನುಸೂಯ ಗ್ಲೌಸು ಬಿಚ್ಚುತ್ತ ನಕ್ಕಳು.

ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸು ಫೋನಿನಲ್ಲಿ ಮಗಳಿಗೆ ಸಾರು ಮಾಡುವುದು ಹೇಳಿಕೊಡುತ್ತಿದ್ದಳು. ಬೇಳೆ ಬೇಯಲಿ, ಆಮೇಲೆ ಹುಣಸೆಹುಳಿ ಬಿಡು ಎಂದು ಒಂದು ಕ್ಷಣ ತಡೆದಳು. ಆ ಕಡೆ ಕುತ್ತಿಗೆ ಹೊರಳಿಸಲಾಗದ ಮಲ್ಲಕ್ಕ ಸೂರು ನೋಡುತ್ತಲೇ ಮೆಲ್ಲಗೆ, "ಹ್ಞೂಂ," ಎಂದಳು.