ಪುಟದ ಕೊನೆಯ ಟಕ್

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ಧ್ವನಿ ಮುದ್ರಿಸುವ ಪುಟ್ಟ ಕೋಣೆಯದು. ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಅಲ್ಲಿ ಹದಿನಾಲ್ಕು ವರ್ಷಗಳಿಂದ ಓದುತ್ತಿದ್ದರು. ಕಾಗದದ ಸರಸರ ಮೈಕಿಗೆ ಬೀಳದಂತೆ ಪುಸ್ತಕವನ್ನು ಎಡಕ್ಕೆ ಸರಿಸಿ, ಮುಖವನ್ನೂ ಅತ್ತ ತಿರುಗಿಸಿ ಹಾಳೆ ಮಗುಚುವುದು ಅವರ ರೂಢಿ. ಹಾಗೆ ತಿರುಗಿದಾಗೆಲ್ಲ ಕತ್ತು ‘ಟಕ್’ ಎನ್ನುತ್ತಿತ್ತು. ನೋವಿಲ್ಲ ಗೀವಿಲ್ಲ, ಅವರು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ನಾದಿನಿ ಮನೆಗೆ ಬಂದ ದಿನ ಹಾಕಿಕೊಳ್ಳಬೇಕಾಯಿತು.

“ಅತ್ತಿಗೆ, ಏನದು ಸದ್ದು? ಮೂಳೆ ಸವೀತಾ ಇದೆ ನಿಮ್ಗೆ! ಒಂದಿನ ಕತ್ತು ಹಾಗೇ ನಿಂತ್ಬಿಡುತ್ತೆ, ನೋಡ್ತಿರಿ.”

ಮರುದಿನದಿಂದ ಟೀಚರಮ್ಮ ಕೋಲು ನುಂಗಿದವರಂತೆ ಕೂತರು. ಹಾಳೆ ಮಗುಚಲು ಕುರ್ಚಿ ಸಮೇತ ಇಡೀ ಮೈ ತಿರುಗಿಸಿದರು. ವಾರ ಕಳೆಯುವಷ್ಟರಲ್ಲಿ ಹೆಗಲು ಬಿಗಿಯಿತು, ದನಿಯೂ ಮರಗಟ್ಟಿತು. ಇತಿಹಾಸದ ಪುಸ್ತಕದಲ್ಲಿ ಇನ್ನೂ ಮೂರು ಅಧ್ಯಾಯ ಬಾಕಿ. ಮಕ್ಕಳ ಪರೀಕ್ಷೆಗೆ ಒಂದೇ ತಿಂಗಳು.

“ಬೇರೆ ಯಾರನ್ನಾದ್ರೂ ನೋಡ್ಕೊಳಪ್ಪ, ಇನ್ನು ನನ್ನ ಕೈಲಾಗಲ್ಲ” ಎಂದರು, ಗಾಜಿನಾಚೆ ಕೂತು ಮುದ್ರಣದಿಂದ ಬೇಡದ ಸದ್ದಿನ ಕಸಕಡ್ಡಿ ಕತ್ತರಿಸಿ ತೆಗೆಯುವವನಿಗೆ. ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು.

“ಬಿಡೋದಾದ್ರೆ ತೋರಿಸ್ಕೊಂಡು ಬಿಡಿ. ನಾದಿನಿ ಮಾತಿಗೆಲ್ಲ ಬಿಡ್ತಾರಾ? ಏಳಿ ಟೀಚರಮ್ಮ.”

ಎರಡು ಬೀದಿ ಆಚೆಗಿದ್ದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೂ ಕಣ್ಣು ಕಾಣುತ್ತಿರಲಿಲ್ಲ. “ಕತ್ತು ತಿರುಗಿಸಿದ್ರೆ ಸದ್ದಾಗುತ್ತಪ್ಪ” ಎಂದು ಟೀಚರಮ್ಮ ಬಾಯಿ ತೆರೆದದ್ದೇ ತಡ, ಅವನು ಎದ್ದು ನಿಂತುಬಿಟ್ಟ.

“ಅಮ್ಮಾ, ಈ ದನಿ ಮರೆಯೋಕಾಗುತ್ತಾ? ನಾನು ಓದಿದ್ದೆಲ್ಲ ನಿಮ್ಮ ಬಾಯಿಂದ! ಕತ್ತಿನ ಪಾಠಾನೂ ನೀವೇ ಓದಿದ್ದು.”

“ಓದಿದ್ದು ನಾನು, ತಲೆಗೆ ಹತ್ತಿದ್ದು ನಿಂಗೆ. ನಂಗೊಂದಕ್ಷರ ನೆನಪಿಲ್ಲ!”

ಅವನು ನಗುತ್ತಲೇ ಒಂದೊಂದಾಗಿ ಕೇಳಿದ. ನೋವಿದೆಯಾ? ತೋಳು, ಬೆರಳು ಜುಮ್ಮೆನ್ನುತ್ತಾ, ಮರಗಟ್ಟುತ್ತಾ? ಕೈಯಿಂದ ಲೋಟ ಜಾರುತ್ತಾ? ನಡೆಯುವಾಗ ತೂರಾಡ್ತೀರಾ? ಬಿದ್ದು ಪೆಟ್ಟಾದ ಮೇಲೆ ಶುರುವಾಯ್ತಾ? ಜ್ವರ? ಎಲ್ಲಕ್ಕೂ ‘ಇಲ್ಲ’. ಆ ಪ್ರಶ್ನೆಗಳ ನಡುವಿನ ಬಿಡುವು, ಕೊನೆಯ ಮಾತಿನ ಏರು, ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು ಟೀಚರಮ್ಮನಿಗೆ. ಅದು ಅವರದೇ ಧಾಟಿ!

“ಈ ಪ್ರಶ್ನೆಗಳ ಪಟ್ಟಿ ಬಂದಾಗ ನೀವು ಪುಸ್ತಕ ಬಿಟ್ಟು, ‘ಮಕ್ಕಳೇ, ಇದು ಮುಖ್ಯ, ಇನ್ನೊಂದು ಸಲ ಓದ್ತೀನಿ’ ಅಂದಿದ್ರಿ. ಅದಕ್ಕೇ ಬಾಯಿಪಾಠ ಆಗೋಯ್ತು” ಎಂದ.

ಆಮೇಲೆ ಅವನ ಬೆರಳುಗಳು ಕತ್ತಿನ ಮೇಲೆ ಅಕ್ಷರ ಓದುವಂತೆ ನಿಧಾನವಾಗಿ ಇಳಿದವು. ಮೆಲ್ಲಗೆ ಕತ್ತು ತಿರುಗಿಸಲು ಹೇಳಿ ಆ ‘ಟಕ್’ ಕೇಳಿಸಿಕೊಂಡ, ತನ್ನ ಕೈ ಹಿಡಿಸಿ ಹಿಡಿತದ ಬಿಗಿ ನೋಡಿದ, ಕೋಣೆಯುದ್ದಕ್ಕೂ ನಡೆಸಿ ಹೆಜ್ಜೆಯ ಸದ್ದು ಆಲಿಸಿದ. ಇಂಥ ತಾಳ್ಮೆಯನ್ನು ಟೀಚರಮ್ಮ ತಮ್ಮ ಮೂವತ್ತು ವರ್ಷದ ತರಗತಿಗಳಲ್ಲೂ ಅಪರೂಪಕ್ಕೆ ಕಂಡಿದ್ದರು.

“ಸದ್ದು ಯಾವಾಗಿಂದಮ್ಮ?”

“ನಾದಿನಿ ಬಂದಾಗಿಂದ” ಎಂದ ಕತ್ತರಿ.

“ಸುಳ್ಳು! ಹನ್ನೆರಡು ವರ್ಷದ ಹಿಂದಿನ ಮುದ್ರಣದಲ್ಲೇ ಇದೆ. ಆಗ ಇಂಥ ಸದ್ದು ಅಳಿಸೋರು ಯಾರೂ ಇರ್ಲಿಲ್ಲ. ಪುಟ ಮುಗೀತು ಅಂತ ನಾವು ಗುರುತು ಹಿಡೀತಿದ್ದಿದ್ದೇ ಆ ಟಕ್‌ನಿಂದ. ಈಗಲೂ ಅದೇ ಟಕ್, ಒಂಚೂರೂ ಬದಲಾಗಿಲ್ಲ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲಮ್ಮ. ಬಿಗಿ ಹಿಡಿದಿರೋದು ನೀವು ಕತ್ತು ಅಲ್ಲಾಡಿಸದೆ ಇಟ್ಟಿದ್ದಕ್ಕೆ. ಮೆತ್ತಗೆ ತಿರುಗಿಸಿ. ಬೇಕಂತಲೇ ಲಟಿಕೆ ಮುರೀಬೇಡಿ, ಕಂಡಕಂಡವರ ಕೈಲಿ ತಿರುಚಿಸ್ಕೋಬೇಡಿ. ಆದರೆ ನಾನು ಕೇಳಿದ್ದರಲ್ಲಿ ಒಂದು ಕಾಣಿಸಿಕೊಂಡ್ರೂ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.”

“ಇದು ಮುಖ್ಯ. ಇನ್ನೊಂದು ಸಲ ಹೇಳಪ್ಪ” ಎಂದರು ಟೀಚರಮ್ಮ. ಅವನು ಪಟ್ಟಿಯನ್ನು ಮತ್ತೆ ಒಪ್ಪಿಸಿದ. ಅವರು ವಿದ್ಯಾರ್ಥಿನಿಯಂತೆ ಕೈಕಟ್ಟಿ ಕೇಳಿದರು.

ಮಧ್ಯಾಹ್ನ ಇತಿಹಾಸದ ಪುಸ್ತಕ ಮತ್ತೆ ತೆರೆಯಿತು. ಮೊದಲ ಪುಟ ಮುಗಿಯಿತು. ಟೀಚರಮ್ಮ ಒಂದು ಕ್ಷಣ ತಡೆದು, ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು.

ಟಕ್.

ಗಾಜಿನಾಚೆ ಕತ್ತರಿಯ ಬೆರಳು ರೂಢಿಯಂತೆ ಅಳಿಸುವ ಗುಂಡಿಯ ಮೇಲೆ ಹೋಯಿತು; ಒತ್ತದೆ ಹಿಂದೆ ಸರಿಯಿತು. ಮುಂದಿನ ಪುಟ ಶುರುವಾಗಿತ್ತು.